‘ಟಕ್’ ಅಂದು ಸುಮ್ಮನಾಗುವ ಬೈಕು

ಆರಿದ್ರಾ ಮಳೆ ಹಿಡಿದು ನಾಲ್ಕು ದಿನವಾದ ಮೇಲೆ ಕೊಟ್ಟಿಗೆಯಿಂದ ಬೈಕು ಹೊರಗೆಳೆದು ಸೆಲ್ಫ್ ಒತ್ತಿದರೆ ‘ಟಕ್’ ಅನ್ನುತ್ತದೆ, ಅಷ್ಟೆ. ನೋಡಿದವರು ಕೊಡುವ ಮೊದಲ ಸಲಹೆ ‘ಬ್ಯಾಟರಿ ಹೋಗಿದೆ ಮಾರಾಯ, ಹೊಸದು ಹಾಕ್ಸು’. ಎರಡನೆಯದು ‘ಸಿಡಿಐ ಹೋಗಿರಬೇಕು’, ಅಂದರೆ ಪ್ಲಗ್ಗಿನ ಕಿಡಿಯನ್ನು ಹೊತ್ತಿಗೆ ಸರಿಯಾಗಿ ಹಾರಿಸುವ ಎಲೆಕ್ಟ್ರಾನಿಕ್ ಡಬ್ಬ. ಎರಡೂ ಒಮ್ಮೊಮ್ಮೆ ನಿಜವೇ. ಆದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಒದ್ದೆಯಲ್ಲಿ ಪಾರ್ಟು ಸಾಯುವುದಕ್ಕಿಂತ ಜಾಯಿಂಟು ಸಾಯುವುದೇ ಹೆಚ್ಚು. ಎಷ್ಟೋ ಸಲ ಆಗುವುದು ಇಷ್ಟು: ಹೊಸ ಬ್ಯಾಟರಿ ಕೂರಿಸುವಾಗ ಟರ್ಮಿನಲ್ ಉಜ್ಜಿ, ನಟ್ಟು ಬಿಗಿ ಮಾಡುತ್ತಾರೆ. ಬೈಕು ಸ್ಟಾರ್ಟ್ ಆಗುತ್ತದೆ. ಹೆಸರು ಬ್ಯಾಟರಿಗೆ ಬರುತ್ತದೆ, ಇನ್ನೂ ಎರಡು ವರ್ಷ ಬಾಳುತ್ತಿದ್ದ ಹಳೆಯದು ಗುಜರಿಗೆ ಹೋಗುತ್ತದೆ.

ಸ್ಪ್ಯಾನರ್ ಹಿಡಿಯುವ ಮೊದಲು ಸದ್ದು ಕೇಳಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಕೀ ಆನ್ ಮಾಡಿದರೂ ನ್ಯೂಟ್ರಲ್ ಲೈಟ್ ಇಲ್ಲ, ಹಾರ್ನ್ ಇಲ್ಲ, ಏನೂ ಇಲ್ಲ ಅಂದರೆ ಮೇನ್ ಫ್ಯೂಸು, ಬ್ಯಾಟರಿಯ ಟರ್ಮಿನಲ್, ಮೇನ್ ಅರ್ಥ್ ವೈರು (ಬ್ಯಾಟರಿಯ ನೆಗೆಟಿವ್ ಅನ್ನು ಚಾಸಿಗೆ ಸೇರಿಸುವುದು) ಅಥವಾ ಕೀ ಸ್ವಿಚ್ಚು. ಲೈಟೆಲ್ಲ ಸರಿಯಾಗಿದ್ದು ಸೆಲ್ಫ್ ಒತ್ತಿದಾಗ ಮಾತ್ರ ಸದ್ದೇ ಇಲ್ಲವೆಂದರೆ ರಿಲೇಗೆ, ಅಂದರೆ ಬ್ಯಾಟರಿಯ ದೊಡ್ಡ ಕರೆಂಟನ್ನು ಸೆಲ್ಫ್ ಮೋಟರಿಗೆ ಬಿಡುವ ಸ್ವಿಚ್ಚಿಗೆ, ಅಪ್ಪಣೆ ಹೋಗುತ್ತಿಲ್ಲ. ಸೆಲ್ಫ್ ಸ್ವಿಚ್ಚು, ಕ್ಲಚ್ ಸ್ವಿಚ್ಚು, ಸೈಡ್ ಸ್ಟ್ಯಾಂಡ್ ಸ್ವಿಚ್ಚುಗಳ ದಾರಿ ಅದು. ‘ಟಕಟಕಟಕ’ ಎಂದು ಮರಕುಟಿಗನ ಹಾಗೆ ಬಡಿದರೆ ಬ್ಯಾಟರಿ ಇಳಿದಿದೆ ಅಥವಾ ಟರ್ಮಿನಲ್ ಲೂಸ್ ಇದೆ. ರಿಲೇ ಎಳೆದುಕೊಂಡ ತಕ್ಷಣ ಮೋಟರು ಕರೆಂಟು ಕೇಳುತ್ತದೆ, ವೋಲ್ಟೇಜು ಕುಸಿಯುತ್ತದೆ, ರಿಲೇ ಕೈಬಿಡುತ್ತದೆ, ವೋಲ್ಟೇಜು ಮತ್ತೆ ಏರುತ್ತದೆ, ರಿಲೇ ಮತ್ತೆ ಎಳೆಯುತ್ತದೆ. ಒಂದೇ ಒಂದು ಗಟ್ಟಿ ‘ಟಕ್’ ಬಂದು ಸುಮ್ಮನಾದರೆ ರಿಲೇ ಒಳಗಿನ ಪಾಯಿಂಟು ಸುಟ್ಟಿರಬಹುದು, ದಪ್ಪ ವೈರಿನ ತುದಿ ಕೊಳೆತಿರಬಹುದು, ಮೋಟರಿನೊಳಗೆ ಕರೆಂಟು ದಾಟಿಸುವ ಕಾರ್ಬನ್ ಬ್ರಶ್ಶು ಮುಗಿದಿರಬಹುದು. ಮೋಟರು ‘ಗರ್’ ಎಂದು ತಿರುಗಿ ಎಂಜಿನ್ ಮಾತ್ರ ಅಲ್ಲಾಡದಿದ್ದರೆ ಅದು ಮೋಟರನ್ನು ಎಂಜಿನ್ನಿಗೆ ಜೋಡಿಸುವ ಒನ್‌ವೇ ಕ್ಲಚ್ಚಿನ ತೊಂದರೆ. ಅದಕ್ಕೆ ಮೀಟರ್ ಹಿಡಿದು ಕೂರಬೇಡಿ, ಮ್ಯಾಗ್ನೆಟ್ (ಎಂಜಿನ್ ತಿರುಗುವಾಗ ಕರೆಂಟು ಹುಟ್ಟಿಸುವ ಭಾಗ) ಕವರ್ ಬಿಚ್ಚುವ ಕೆಲಸವದು. ಎಂಜಿನ್ ಚೆನ್ನಾಗಿ ತಿರುಗುತ್ತಿದೆ, ಹೊತ್ತಿಕೊಳ್ಳುತ್ತಿಲ್ಲ ಅಂದರೆ ಸ್ಪಾರ್ಕ್ ಇಲ್ಲವೇ ಪೆಟ್ರೋಲಿನ ಕಡೆ ಹೋಗಬೇಕು.

ಕೆಲವು ನಾಚಿಕೆಯ ಕಾರಣಗಳೂ ಇವೆ, ಮೊದಲು ಅವನ್ನು ತೆಗೆದುಹಾಕಿ. ರೇನ್‌ಕೋಟಿನ ತೋಳು ತಾಗಿ ಹ್ಯಾಂಡಲ್ಲಿನ ಮೇಲಿನ, ಎಂಜಿನ್ ಆರಿಸುವ ಕಿಲ್ ಸ್ವಿಚ್ ಆಫ್ ಆಗಿರುತ್ತದೆ. ಅನೇಕ ಹೊಸ ಬೈಕುಗಳಲ್ಲಿ ಸೈಡ್ ಸ್ಟ್ಯಾಂಡ್ ಇಳಿದಿದ್ದರೆ ಎಂಜಿನ್ ಹತ್ತುವುದಿಲ್ಲ. ಸ್ಟ್ಯಾಂಡ್ ಮೇಲಿದ್ದರೂ ಸ್ವಿಚ್ಚಿನ ಸಂದಿಗೆ ಕೆಸರು ಮೆತ್ತಿ ಗಟ್ಟಿಯಾಗಿದ್ದರೆ ಅದು ಇಳಿದಿದೆ ಎಂದೇ ಬೈಕಿನ ಲೆಕ್ಕ. ಒಂದು ಚೊಂಬು ನೀರು, ಹಳೇ ಟೂತ್‌ಬ್ರಶ್ಶು ಸಾಕು. ಎಫ್‌ಐ ಬೈಕು (ಕಾರ್ಬುರೇಟರ್ ಬದಲು ಫ್ಯುಯೆಲ್ ಇಂಜೆಕ್ಷನ್ ಇರುವುದು) ಕೆಸರಿನಲ್ಲಿ ಜಾರಿ ಮಗುಚಿದ್ದರೆ, ವಾಲಿದ್ದನ್ನು ಗುರುತಿಸುವ ಒಳಗಿನ ಸೆನ್ಸರು ಎಂಜಿನ್ ಕಟ್ ಮಾಡಿರುತ್ತದೆ. ಬೈಕು ನೆಟ್ಟಗೆ ನಿಲ್ಲಿಸಿ, ಕೀ ಆಫ್ ಮಾಡಿ ಮತ್ತೆ ಆನ್ ಮಾಡುವ ತನಕ ಅದು ಬಿಟ್ಟುಕೊಡುವುದಿಲ್ಲ.

ಬೇಕಾಗುವ ಸಾಮಾನು ಹೆಚ್ಚಿಲ್ಲ. ಒಂದು ಅಗ್ಗದ ಡಿಜಿಟಲ್ ಮಲ್ಟಿಮೀಟರು, 8 ಮತ್ತು 10 ನಂಬರ್ ಸ್ಪ್ಯಾನರು, ಸ್ಕ್ರೂ ಡ್ರೈವರು, ಪ್ಲಗ್ ಸ್ಪ್ಯಾನರು, ನಯವಾದ ಸ್ಯಾಂಡ್ ಪೇಪರು. ಇದರ ಜೊತೆ ಮೀಟರಿಗಿಂತ ಹೆಚ್ಚು ನಂಬಬಹುದಾದ ಒಂದು ವಸ್ತುವನ್ನು ಮನೆಯಲ್ಲೇ ಮಾಡಿಕೊಳ್ಳಿ: 12 ವೋಲ್ಟ್ 10 ವ್ಯಾಟಿನ ಇಂಡಿಕೇಟರ್ ಬಲ್ಬು, ಅದಕ್ಕೆ ಎರಡು ಮಾರು ವೈರು, ತುದಿಗೊಂದು ಕ್ರೊಕೊಡೈಲ್ ಕ್ಲಿಪ್ಪು, ಇನ್ನೊಂದು ತುದಿಗೆ ಹರಿತವಾದ ಮೊಳೆ. ಇದೇ ಟೆಸ್ಟ್ ಲ್ಯಾಂಪು.

ಮೀಟರಿಗಿಂತ ಇದು ಮೇಲು ಅನ್ನುವುದಕ್ಕೆ ಕಾರಣವಿದೆ. ಮೀಟರು ವೋಲ್ಟೇಜು ಅಳೆಯುವಾಗ ಕರೆಂಟನ್ನೇ ಎಳೆಯುವುದಿಲ್ಲ ಎನ್ನಬಹುದು. ಹತ್ತು ಎಳೆಯ ವೈರಿನಲ್ಲಿ ಒಂಬತ್ತು ಎಳೆ ಕೊಳೆತು ಒಂದೇ ಉಳಿದಿದ್ದರೂ ಅದು 12.5 ವೋಲ್ಟ್ ಎಂದು ತೋರಿಸುತ್ತದೆ. ಮೀಟರಿನ ಬೀಪ್ ಸದ್ದನ್ನಂತೂ ನಂಬಲೇಬೇಡಿ, 30 ಓಮ್ ತಡೆ ಇದ್ದರೂ ಅನೇಕ ಮೀಟರುಗಳು ಬೀಪ್ ಅನ್ನುತ್ತವೆ. 30 ಓಮಿನಲ್ಲಿ 12 ವೋಲ್ಟ್ ತಳ್ಳಿದರೆ ಹರಿಯುವುದು 0.4 ಆಂಪಿಯರ್, ಅಷ್ಟರಲ್ಲಿ ಸೆಲ್ಫ್ ರಿಲೇ ಕೂಡ ಎಳೆಯುವುದಿಲ್ಲ. 10 ವ್ಯಾಟಿನ ಬಲ್ಬು ಸುಮಾರು 0.8 ಆಂಪಿಯರ್ ಕೇಳುತ್ತದೆ. ಕೊಳೆತ ವೈರಿಗೆ ಅದನ್ನು ಕೊಡಲಾಗದೆ ಬಲ್ಬು ಮಂಕಾಗುತ್ತದೆ, ಕಣ್ಣಿಗೇ ಕಾಣುತ್ತದೆ.

ಇನ್ನು ಬ್ಯಾಟರಿ. ರಾತ್ರಿಯಿಡೀ ನಿಂತ ಬೈಕಿನ ಬ್ಯಾಟರಿ ಕಂಬಗಳ, ಅಂದರೆ ಟರ್ಮಿನಲ್‌ಗಳ, ಮೇಲೆ ಮೀಟರ್ ಇಟ್ಟರೆ 12.6ರಿಂದ 12.8 ವೋಲ್ಟ್ ಬಂದರೆ ಭರ್ತಿ. 12.4 ಬಂದರೆ ಮುಕ್ಕಾಲು, 12.2 ಬಂದರೆ ಅರ್ಧ, 12ಕ್ಕಿಂತ ಕೆಳಗೆ ಬಂದರೆ ಖಾಲಿಯ ಹತ್ತಿರ. ಎಷ್ಟು ಚಾರ್ಜ್ ಮಾಡಿದರೂ 10.5ರ ಆಸುಪಾಸಿನಲ್ಲೇ ನಿಂತರೆ ಆರು ಸೆಲ್ಲಿನಲ್ಲಿ ಒಂದು ಸತ್ತಿದೆ. ಅದಕ್ಕೆ ಔಷಧಿ ಇಲ್ಲ.

ಸುಮ್ಮನೆ ನಿಂತಾಗಿನ ಅಂಕಿ ಅರ್ಧ ಕಥೆ ಮಾತ್ರ. ಮೀಟರನ್ನು ಹಾಗೇ ಇಟ್ಟು, ನ್ಯೂಟ್ರಲ್‌ನಲ್ಲಿ ಕ್ಲಚ್ ಹಿಡಿದು, ಮೂರು ಸೆಕೆಂಡು ಸೆಲ್ಫ್ ಒತ್ತಿ. ಈಗ ಅಂಕಿ ಏನಾಗುತ್ತದೆ ಎನ್ನುವುದರ ಮೇಲೆ ದಾರಿ ಮೂರಾಗಿ ಕವಲೊಡೆಯುತ್ತದೆ. 12.6 ಇದ್ದದ್ದು 6, 7ಕ್ಕೆ ಬಿದ್ದರೆ ಬ್ಯಾಟರಿ ಸೋತಿದೆ, ಅಪರೂಪಕ್ಕೆ ಮೋಟರು ಜಾಮ್ ಆಗಿದೆ. 10ರ ಮೇಲೆಯೇ ನಿಂತು ಎಂಜಿನ್ ಚುರುಕಾಗಿ ತಿರುಗಿದರೆ ಈ ಭಾಗ ಪೂರ್ತಿ ಸರಿ. 12.5ರಿಂದ 12.3ಕ್ಕೆ ಮಾತ್ರ ಇಳಿದು, ‘ಟಕ್’ ಎಂದು, ಮೋಟರು ಮಿಸುಕದಿದ್ದರೆ ಬ್ಯಾಟರಿಯ ಮೇಲೆ ತಪ್ಪು ಹೊರಿಸಬೇಡಿ. ಅದು ಕೊಡಲು ಸಿದ್ಧವಿದೆ, ದಾರಿಯಲ್ಲಿ ಯಾರೋ ತಡೆದಿದ್ದಾರೆ. ಮಳೆಗಾಲದಲ್ಲಿ ಬರುವ ಕೇಸುಗಳಲ್ಲಿ ಈ ಮೂರನೆಯದೇ ಜಾಸ್ತಿ.

ಬ್ಯಾಟರಿ ಇಳಿದಿದ್ದೇ ನಿಜವಾದರೆ ಅದನ್ನು ಬಿಚ್ಚಿ ಚಾರ್ಜಿಗೆ ಹಾಕಿ. ಬಿಚ್ಚುವಾಗ ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್. ಹಾಕುವಾಗ ಉಲ್ಟಾ. ಪಾಸಿಟಿವ್ ನಟ್ಟಿನ ಮೇಲಿನ ಸ್ಪ್ಯಾನರು ಚಾಸಿಗೆ ತಾಗಿದರೂ ಆಗ ಕಿಡಿ ಹಾರುವುದಿಲ್ಲ. ಆಂಪಿಯರ್ ಅವರ್ ಎಷ್ಟಿದೆಯೋ ಅದರ ಹತ್ತನೇ ಒಂದು ಭಾಗದ ಕರೆಂಟಿನಲ್ಲಿ ಹತ್ತು ತಾಸು. 100 ಸಿಸಿ ಬೈಕಿನ 3 ಆಂಪಿಯರ್ ಅವರ್ ಬ್ಯಾಟರಿಗೆ ಅದು 0.3 ಆಂಪಿಯರ್. ಪೇಟೆಯ ಅಂಗಡಿಯಲ್ಲಿ ಕಾರು, ಟ್ರ್ಯಾಕ್ಟರ್ ಬ್ಯಾಟರಿಗಳ ಸಾಲಿನಲ್ಲಿ ಇದನ್ನೂ ಸೇರಿಸಿ ‘ಒಂದು ತಾಸಲ್ಲಿ ಬನ್ನಿ’ ಅಂದರೆ ಬೇಡ ಎನ್ನಿ, ಡಬ್ಬ ಉಬ್ಬಿ ಬರುತ್ತದೆ. ನೀರು ಹಾಕುವ ಹಳೇ ಬ್ಯಾಟರಿಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ನಮ್ಮ ಬಾವಿ ನೀರಿನಲ್ಲಿ ಕಬ್ಬಿಣದ ಅಂಶ ಇರುತ್ತದೆ, ಅದು ಪ್ಲೇಟುಗಳಿಗೆ ವಿಷ. ಆಸಿಡ್ಡನ್ನೂ ಮೇಲಿಂದ ಸುರಿಯಬಾರದು, ಆವಿಯಾಗಿ ಹೋಗಿರುವುದು ನೀರು, ಆಸಿಡ್ ಅಲ್ಲ.

ಈಗ ದಾರಿಯಲ್ಲಿ ತಡೆಯುವವರ ವಿಷಯ. ಸೆಲ್ಫ್ ಮೋಟರು ತಿರುಗುವಾಗ 40 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ದಾರಿಯ ಒಂದು ಜಾಯಿಂಟಿನಲ್ಲಿ 0.05 ಓಮ್ ತಡೆ ಇದ್ದರೂ 2 ವೋಲ್ಟ್ ಅಲ್ಲೇ ಉರಿದುಹೋಗುತ್ತದೆ. 0.05 ಓಮ್ ಅನ್ನು ಮನೆಯ ಮೀಟರು ಅಳೆಯಲಾರದು, ಎರಡು ಕಡ್ಡಿ ಒಂದಕ್ಕೊಂದು ಮುಟ್ಟಿಸಿದರೇ 0.3, 0.4 ಎಂದು ತೋರಿಸುವ ಜಾತಿ ಅದು. ಹಾಗಾಗಿ ಓಮ್ ಅಳೆಯುವುದು ಬಿಟ್ಟು, ಕರೆಂಟು ಹರಿಯುತ್ತಿರುವಾಗ ಎಲ್ಲಿ ಎಷ್ಟು ವೋಲ್ಟ್ ಸೋರುತ್ತಿದೆ ಎಂದು ನೋಡಬೇಕು. ಮೀಟರನ್ನು 20 ವೋಲ್ಟ್ ಡಿಸಿಗೆ ತಿರುಗಿಸಿ. ಕಪ್ಪು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ. ಗಮನವಿಟ್ಟು ನೋಡಿ, ನಟ್ಟಿನ ಮೇಲಲ್ಲ, ವೈರಿನ ಕಣ್ಣಿನ (ತುದಿಯ ಲೋಹದ ಬಳೆಯ) ಮೇಲಲ್ಲ, ಕಂಬದ ಸೀಸದ ಮೇಲೆ. ಕೆಂಪು ಕಡ್ಡಿ ಎಂಜಿನ್ನಿನ ಬಣ್ಣವಿಲ್ಲದ ಜಾಗಕ್ಕೆ, ಯಾವುದಾದರೂ ಬೋಲ್ಟಿನ ತಲೆಗೆ. ಒಬ್ಬರು ಸೆಲ್ಫ್ ಒತ್ತಲಿ. 0.2 ವೋಲ್ಟಿನ ಒಳಗಿದ್ದರೆ ಅರ್ಥಿಂಗ್ ಗಟ್ಟಿಯಾಗಿದೆ. 0.5 ಬಂದರೆ ಅನುಮಾನ. 1 ವೋಲ್ಟ್ ದಾಟಿದರೆ ಕಳ್ಳ ಸಿಕ್ಕಿದ ಹಾಗೇ.

ಸಿಕ್ಕಿದ ಮೇಲೆ ಹತ್ತಿರಕ್ಕೆ ಹೋಗುತ್ತಾ ಬನ್ನಿ. ಕಂಬದಿಂದ ವೈರಿನ ಕಣ್ಣಿಗೆ, ಕಣ್ಣಿನಿಂದ ವೈರಿನ ಆ ತುದಿಗೆ, ಆ ತುದಿಯಿಂದ ಚಾಸಿಗೆ, ಚಾಸಿಯಿಂದ ಎಂಜಿನ್ನಿಗೆ. ಅಂಕಿ ಎಲ್ಲಿ ಹಾರುತ್ತದೋ ಅಲ್ಲೇ ಕೊಳೆ. ಹೆಚ್ಚಿನ ಪಾಲು ಅದು ಅರ್ಥ್ ವೈರು ಚಾಸಿಗೆ ಕೂರುವ ಬೋಲ್ಟು. ಬಿಚ್ಚಿ ನೋಡಿದರೆ ಮೇಲಿಂದ ನೋಟಕ್ಕೆ ಬಿಗಿಯಾಗಿದ್ದ ಕಣ್ಣಿನ ಅಡಿಯಲ್ಲಿ ಕಾಸಿನಗಲದ ತುಕ್ಕಿನ ಬಿಲ್ಲೆ ಇರುತ್ತದೆ, ಅದರ ಅಂಚಿಗೆ ಹಸಿರು ಕಿಲುಬು. ಉಗುರಿನಿಂದ ಕೆರೆದರೆ ಪುಡಿಪುಡಿಯಾಗಿ ಉದುರುತ್ತದೆ. ಕಣ್ಣು, ಬೋಲ್ಟು, ಚಾಸಿಯ ಮೈ ಮೂರನ್ನೂ ಲೋಹ ಹೊಳೆಯುವ ತನಕ ಉಜ್ಜಿ, ನಡುವೆ ನಕ್ಷತ್ರ ವಾಷರ್ ಹಾಕಿ ಬಿಗಿ ಮಾಡಿ, ಆಮೇಲೆ ಮೇಲಿಂದ ವ್ಯಾಸಲೀನ್ ಸವರಿ. ಕ್ರಮ ಇದೇ ಇರಬೇಕು. ಮೊದಲೇ ಸವರಿದರೆ ಬೋಲ್ಟಿನಡಿ ಜಿಡ್ಡು ಕೂರುತ್ತದೆ. ಕೊಬ್ಬರಿ ಎಣ್ಣೆ ಹಚ್ಚುವ ರೂಢಿಯನ್ನು ದಯವಿಟ್ಟು ಬಿಡಿ. ಕೆಲವು ತಿಂಗಳಲ್ಲಿ ಅದು ಕಮಟಾಗಿ ತಾಮ್ರವನ್ನು ತಾನೇ ಹಸಿರು ಮಾಡುತ್ತದೆ.

ಪಾಸಿಟಿವ್ ಕಡೆಗೂ ಇದೇ ಪರೀಕ್ಷೆ. ಕೆಂಪು ಕಡ್ಡಿ ಪಾಸಿಟಿವ್ ಕಂಬಕ್ಕೆ, ಕಪ್ಪು ಕಡ್ಡಿ ಮೋಟರಿನ ದಪ್ಪ ವೈರಿನ ಬೋಲ್ಟಿಗೆ. ಸೆಲ್ಫ್ ಒತ್ತಿದಾಗ 0.5 ವೋಲ್ಟ್ ದಾಟಬಾರದು. ದಾಟಿದರೆ ರಿಲೇಯ ಎರಡು ದಪ್ಪ ಬೋಲ್ಟುಗಳ ನಡುವೆ ಅಳೆಯಿರಿ. ಸೆಲ್ಫ್ ಒತ್ತದೆ ಇದ್ದಾಗ ಅಲ್ಲಿ ಬ್ಯಾಟರಿಯ ಪೂರ್ತಿ ವೋಲ್ಟೇಜು ಕಾಣುತ್ತದೆ, ಒತ್ತಿದಾಗ 0.2ರ ಒಳಗೆ ಬರಬೇಕು. ‘ಟಕ್’ ಎಂದ ಮೇಲೂ 12ರಲ್ಲೇ ನಿಂತರೆ ರಿಲೇ ಪಾಯಿಂಟು ಸುಟ್ಟಿದೆ, ಹೊಸ ರಿಲೇಯೇ ಗತಿ. ಒಳಗೆ ಬಿಚ್ಚಿ ಉಜ್ಜಿದ ರಿಲೇ ಕೆಲವೊಮ್ಮೆ ಅಂಟಿಕೊಂಡು ಮೋಟರು ನಿಲ್ಲದೆ ತಿರುಗುತ್ತಲೇ ಇರುತ್ತದೆ, ಆ ಉಳಿತಾಯ ಬೇಡ.

ದಪ್ಪ ಬೋಲ್ಟುಗಳೆರಡಕ್ಕೂ ಸ್ಕ್ರೂ ಡ್ರೈವರ್ ಅಡ್ಡ ಇಟ್ಟು ಸ್ಟಾರ್ಟ್ ಮಾಡುವ ಪದ್ಧತಿ ಎಲ್ಲ ಗ್ಯಾರೇಜಿನಲ್ಲೂ ಇದೆ. ಪರೀಕ್ಷೆಯಾಗಿ ಅದು ಒಳ್ಳೆಯದೇ: ಹಾಗೆ ಮಾಡಿದಾಗ ಮೋಟರು ತಿರುಗಿದರೆ ಮೋಟರು, ದಪ್ಪ ವೈರು, ಅರ್ಥಿಂಗ್ ಸರಿ, ತಪ್ಪು ರಿಲೇಯದ್ದು ಅಥವಾ ಅದಕ್ಕೆ ಅಪ್ಪಣೆ ಕೊಡುವ ತೆಳು ವೈರಿನದ್ದು. ಆದರೆ ಕಿಡಿ ಜೋರಾಗಿ ಹಾರುತ್ತದೆ. ಪೆಟ್ರೋಲ್ ವಾಸನೆ ಇದ್ದ ಕಡೆ ಮಾಡಬೇಡಿ, ಗೇರ್ ನ್ಯೂಟ್ರಲ್‌ನಲ್ಲಿದೆಯೇ ಎಂದು ಬೈಕು ಹಿಂದೆ ಮುಂದೆ ದೂಡಿ ಖಾತ್ರಿ ಮಾಡಿಕೊಳ್ಳಿ. ಕ್ಲಚ್ ಸ್ವಿಚ್ಚು, ನ್ಯೂಟ್ರಲ್ ಸ್ವಿಚ್ಚು ಯಾವುದೂ ಆಗ ತಡೆಯುವುದಿಲ್ಲ.

‘ಟಕ್’ ಎಂಬ ಸದ್ದೂ ಇಲ್ಲದಿದ್ದರೆ ತೆಳು ವೈರಿನ ದಾರಿ ಹಿಡಿಯಿರಿ. ಸೆಲ್ಫ್ ರಿಲೇಗೆ ಎರಡು ತೆಳು ವೈರು ಬರುತ್ತವೆ. ಒಂದರಲ್ಲಿ ಸ್ವಿಚ್ಚಿನಿಂದ ಕರೆಂಟು, ಇನ್ನೊಂದು ಕ್ಲಚ್ ಅಥವಾ ನ್ಯೂಟ್ರಲ್ ಸ್ವಿಚ್ಚಿನ ಮೂಲಕ ಅರ್ಥಿಗೆ. ಹೋಂಡಾ, ಹೀರೋ ವಂಶದಲ್ಲಿ ಸ್ವಿಚ್ಚಿನಿಂದ ಬರುವುದು ಹಳದಿ ಮೈಗೆ ಕೆಂಪು ಗೆರೆ. ಅದೇ ವಂಶದಲ್ಲಿ ಕೆಂಪು ಎಂದರೆ ನೇರ ಬ್ಯಾಟರಿ, ಕಪ್ಪು ಎಂದರೆ ಕೀ ದಾಟಿ ಬಂದದ್ದು, ಹಸಿರು ಎಂದರೆ ಅರ್ಥ್. ಯಮಹಾದಲ್ಲಿ ಕಪ್ಪೇ ಅರ್ಥ್, ಕೀ ದಾಟಿದ್ದು ಕಂದು. ಒಂದು ಕಂಪನಿಯ ಬಣ್ಣ ಇನ್ನೊಂದಕ್ಕೆ ಹೊಂದುವುದಿಲ್ಲ. ಒಂದರ ಕಪ್ಪು ಇನ್ನೊಂದರಲ್ಲೂ ಅರ್ಥೇ ಎಂದುಕೊಂಡು ಸುಟ್ಟುಹೋದ ವೈರಿಂಗ್ ಕಡಿಮೆಯೇನಿಲ್ಲ.

ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಬ್ಯಾಟರಿ ನೆಗೆಟಿವ್‌ಗೆ ಹಾಕಿ, ಮೊಳೆಯನ್ನು ರಿಲೇಯ ಹಳದಿ-ಕೆಂಪು ವೈರಿಗೆ ಮುಟ್ಟಿಸಿ ಸೆಲ್ಫ್ ಒತ್ತಿ. ಬಲ್ಬು ಝಗ್ಗನೆ ಹತ್ತಿದರೆ ಸ್ವಿಚ್ಚಿನ ಕಡೆ ಸರಿ, ಅರ್ಥ್ ಕಡೆ ನೋಡಿ, ಅಂದರೆ ಕ್ಲಚ್ ಲಿವರಿನ ಕೆಳಗಿನ ಪುಟ್ಟ ಸ್ವಿಚ್ಚು. ಅದರ ಎರಡು ವೈರು ಕಿತ್ತು ಒಂದಕ್ಕೊಂದು ಮುಟ್ಟಿಸಿದಾಗ ‘ಟಕ್’ ಬಂದರೆ ಸ್ವಿಚ್ಚು ಸತ್ತಿದೆ. ಬಲ್ಬು ಮಂಕಾಗಿ ಹತ್ತಿದರೆ ಅಥವಾ ಹತ್ತದಿದ್ದರೆ ಹ್ಯಾಂಡಲ್ಲಿನ ಸೆಲ್ಫ್ ಸ್ವಿಚ್ಚನ್ನು ಬಿಚ್ಚಲೇಬೇಕು.

ಇದನ್ನು ನಿಂತುಕೊಂಡು ಬಿಚ್ಚಬೇಡಿ. ಕೆಳಗೆ ಬಿಳಿ ಬಟ್ಟೆ ಹಾಸಿಕೊಳ್ಳಿ. ಎರಡು ಸ್ಕ್ರೂ ತೆಗೆದು ಸ್ವಿಚ್ಚಿನ ಎರಡು ಹೋಳು ಅಗಲಿಸಿದ ಕೂಡಲೇ ಒಳಗಿನ ಸ್ಪ್ರಿಂಗು, ಕೆಲವದರಲ್ಲಿ ಸಾಸಿವೆ ಕಾಳಿಗಿಂತ ಚೂರು ದೊಡ್ಡದಾದ ಉಕ್ಕಿನ ಗುಂಡು, ಚಿಮ್ಮಿ ಹಾರುತ್ತವೆ. ಅಂಗಳದ ಪಾಚಿಯಲ್ಲಿ ಬಿದ್ದರೆ ಸಿಗುವ ಮಾತಿಲ್ಲ. ಒಳಗೆ ತಾಮ್ರದ ಎರಡು ತಗಡು, ಅವನ್ನು ಸೇರಿಸುವ ಒಂದು ಪುಟ್ಟ ಸೇತುವೆ. ಮಳೆಗಾಲದಲ್ಲಿ ಆ ತಗಡುಗಳ ಮೇಲೆ ಹಸಿರು ಕೆನೆ ಕಟ್ಟಿರುತ್ತದೆ. ಒಮ್ಮೊಮ್ಮೆ ಸಣ್ಣ ಇರುವೆಗಳು ಒಳಗೇ ಸಂಸಾರ ಹೂಡಿರುತ್ತವೆ, ನಡುವೆ ಸಿಕ್ಕಿ ಸತ್ತ ಇರುವೆಯ ಮೈಯೇ ಸಾಕು ಕರೆಂಟು ತಡೆಯಲು. 400 ನಂಬರ್ ಸ್ಯಾಂಡ್ ಪೇಪರಿನ ಚೂರನ್ನು ಬೆಂಕಿಕಡ್ಡಿಗೆ ಸುತ್ತಿ ನವಿರಾಗಿ ಉಜ್ಜಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ. ಗ್ರೀಸು ಚಲಿಸುವ ಪ್ಲಾಸ್ಟಿಕ್ಕಿಗೆ ಮಾತ್ರ, ತಗಡಿಗೆ ಬೇಡ.

ಹ್ಯಾಂಡಲ್ ತಿರುಗಿಸಿದಾಗ ಒಂದು ಕಡೆಗೆ ಸರಿ, ಇನ್ನೊಂದು ಕಡೆಗೆ ಸತ್ತಂತಾದರೆ ಸ್ವಿಚ್ಚು ಬಿಚ್ಚುವ ಶ್ರಮವೇ ಬೇಡ. ಹೆಡ್‌ಲೈಟ್ ಡೂಮಿನ ಹಿಂದೆ, ಚಾಸಿಯ ಕುತ್ತಿಗೆ ಹತ್ತಿರ ವೈರಿನ ಕಟ್ಟು ದಿನಾ ಬಾಗಿ ಬಾಗಿ ಹೊರಗಿನ ಪ್ಲಾಸ್ಟಿಕ್ ಚೆನ್ನಾಗಿದ್ದರೂ ಒಳಗಿನ ತಾಮ್ರ ತುಂಡಾಗಿರುತ್ತದೆ. ಆಗುಂಬೆ ಘಾಟಿಯ 14 ತಿರುವು ದಿನಾ ಹತ್ತಿ ಇಳಿಯುವ ಬೈಕಿಗೆ ಇದು ಬೇಗ ಬರುತ್ತದೆ. ಒಂದೊಂದೇ ವೈರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡಿ. ತುಂಡಾದ ವೈರು ಆ ಜಾಗದಲ್ಲಿ ರಬ್ಬರಿನ ಹಾಗೆ ಹಿಗ್ಗುತ್ತದೆ.

ಕೀ ಹಾಕಿದರೂ ಏನೂ ಇಲ್ಲದ ಬೈಕಿಗೆ ಫ್ಯೂಸು ಮೊದಲು. ಸುಟ್ಟಿದ್ದರೆ ಅದೇ ಆಂಪಿಯರಿನ ಹೊಸದು ಹಾಕಿ. ಮತ್ತೆ ಸುಟ್ಟರೆ ಎಲ್ಲೋ ಶಾರ್ಟ್ ಇದೆ. ಆಗ ಸಿಗರೇಟಿನ ಬೆಳ್ಳಿಕಾಗದ, ತಾಮ್ರದ ಎಳೆ ಹಾಕಿದರೆ ಮುಂದಿನ ಸಲ ಸುಡುವುದು ಇಡೀ ವೈರಿಂಗ್. ಫ್ಯೂಸಿನ ಜಾಗದಲ್ಲಿ ಹಳೇ 35 ವ್ಯಾಟಿನ ಹೆಡ್‌ಲೈಟ್ ಬಲ್ಬನ್ನು ಅಡ್ಡ ಕಟ್ಟಿ. ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಆದರೆ ವೈರು ಸುಡುವುದಿಲ್ಲ. ಲೈಟುಗಳೆಲ್ಲ ಆಫ್ ಇರಲಿ, ವೈರುಗಳನ್ನು ಜೋಡಿಸುವ ಪ್ಲಾಸ್ಟಿಕ್ ಕಪ್ಲರುಗಳನ್ನು ಒಂದೊಂದೇ ಕೀಳುತ್ತಾ ಬನ್ನಿ. ಯಾವುದನ್ನು ಕಿತ್ತಾಗ ಬಲ್ಬು ಮಂಕಾಯಿತೋ ಆ ಕವಲಿನಲ್ಲಿ ಶಾರ್ಟ್. ನಮ್ಮ ಕಡೆ ಅಲ್ಲಿ ಇಲಿಯ ಹಲ್ಲಿನ ಗುರುತು ಕಾಣುವುದೇ ಹೆಚ್ಚು. ಅಡಿಕೆ ಮೂಟೆಯ ಪಕ್ಕ, ಭತ್ತದ ಕಣಜದ ಪಕ್ಕ ನಿಲ್ಲಿಸಿದ ಬೈಕಿನ ಸೀಟಿನಡಿ, ಟ್ಯಾಂಕಿನಡಿ ಅವಕ್ಕೆ ಬೆಚ್ಚಗಿನ ಮನೆ. ಕಚ್ಚಿದ ವೈರಿಗೆ ಬರೀ ಟೇಪು ಸುತ್ತಿದರೆ ಒಂದು ಮಳೆಗಾಲ ದಾಟುವುದಿಲ್ಲ. ಬೆಸುಗೆ ಹಾಕಿ, ಬಿಸಿಗೆ ಕುಗ್ಗುವ ಸ್ಲೀವ್ ಏರಿಸಿ. ತುದಿಯ ಎಳೆ ಕಪ್ಪಾಗಿದ್ದರೆ ಬೆಸುಗೆ ಹಿಡಿಯುವುದಿಲ್ಲ, ಹೊಳೆಯುವ ತಾಮ್ರ ಸಿಗುವ ತನಕ ಹಿಂದಕ್ಕೆ ಕತ್ತರಿಸಬೇಕು.

ಅಡಿಕೆ ತೋಟದವರಿಗೆ ಇನ್ನೊಂದು ವಿಷಯ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ, ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, ಹದವಾಗಿದೆಯೇ ಎಂದು ನೋಡಲು ಕತ್ತಿ ಅದ್ದಿ ನೋಡುತ್ತೇವಲ್ಲ, ಸುಣ್ಣ ಸಾಲದಿದ್ದರೆ ಕತ್ತಿಯ ಅಲಗಿಗೆ ಕೆಂಪು ತಾಮ್ರ ಹತ್ತುತ್ತದೆ. ಕಬ್ಬಿಣ ಕರಗಿ ಆ ಜಾಗಕ್ಕೆ ತಾಮ್ರ ಬಂದು ಕೂತಿದೆ ಎಂದು ಅದರ ಅರ್ಥ. ಮೈಲುತುತ್ತದ ಚೀಲವನ್ನು ಬೈಕಿನ ಟ್ಯಾಂಕಿನ ಮೇಲೋ ಹಿಂದಿನ ಸೀಟಿನ ಮೇಲೋ ಮಳೆಯಲ್ಲಿ ಒಯ್ದರೆ ತೊಟ್ಟಿಕ್ಕುವ ನೀಲಿ ನೀರು ಅರ್ಥ್ ಬೋಲ್ಟಿಗೆ, ಅಲ್ಯೂಮಿನಿಯಂ ಎಂಜಿನ್ನಿಗೆ, ಕಪ್ಲರಿನ ಪಿನ್ನಿಗೆ ಅದನ್ನೇ ಮಾಡುತ್ತದೆ. ಆವತ್ತೇ ಧಾರಾಳ ನೀರು ಹಾಕಿ ತೊಳೆದುಬಿಡಿ. ತೊಳೆಯುವಾಗ ಪ್ರೆಶರ್ ಪಂಪಿನ ಮೂತಿಯನ್ನು ಕೀ ಸ್ವಿಚ್ಚು, ಕಪ್ಲರುಗಳಿಗೆ ನೇರ ಹಿಡಿಯಬೇಡಿ.

ಮೋಟರಿನ ವಿಷಯ ಚುಟುಕಾಗಿ. ಬೋಲ್ಟಿನ ತನಕ 11 ವೋಲ್ಟ್ ಬರುತ್ತಿದೆ, ಅರ್ಥಿಂಗ್ ಗಟ್ಟಿಯಿದೆ, ಆದರೂ ತಿರುಗುವುದಿಲ್ಲ ಎಂದಾದರೆ ಸ್ಕ್ರೂ ಡ್ರೈವರಿನ ಹಿಡಿಯಿಂದ ಮೋಟರಿನ ಮೈಗೆ ಮೆಲ್ಲಗೆ ತಟ್ಟುತ್ತಾ ಸೆಲ್ಫ್ ಒತ್ತಿ. ತಿರುಗಿದರೆ ಕಾರ್ಬನ್ ಬ್ರಶ್ಶು ಸವೆದಿದೆ. ಬ್ರಶ್ ಸೆಟ್ ಬದಲಿಸಿ, ಬ್ರಶ್ಶು ತಾಗಿ ತಿರುಗುವ ತಾಮ್ರದ ಉರುಳೆ, ಅಂದರೆ ಕಮ್ಯುಟೇಟರಿನ ಕಪ್ಪು ಉಜ್ಜಿದರೆ ಹಳೇ ಮೋಟರೇ ಮತ್ತೆ ಓಡುತ್ತದೆ. ಪೂರ್ತಿ ಮೋಟರು ಬದಲಿಸುವ ಅಗತ್ಯ ಅಪರೂಪ.

ಎಂಜಿನ್ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಪ್ಲಗ್ ಬಿಚ್ಚಿ. ಪೆಟ್ರೋಲಿನಲ್ಲಿ ತೊಯ್ದಿದ್ದರೆ ಕಿಡಿ ಬರುತ್ತಿಲ್ಲ ಅಥವಾ ಪೆಟ್ರೋಲ್ ಉಕ್ಕಿದೆ. ಒಣಗಿದ್ದರೆ ಪೆಟ್ರೋಲೇ ಬರುತ್ತಿಲ್ಲ, ವೈರಿಂಗ್ ಕೆದಕಿ ಪ್ರಯೋಜನವಿಲ್ಲ. ಕಿಡಿ ನೋಡುವಾಗ ಪ್ಲಗ್ಗಿನ ಲೋಹದ ಮೈ ಎಂಜಿನ್ನಿಗೆ ಗಟ್ಟಿಯಾಗಿ ತಾಗಿರಬೇಕು, ಪ್ಲಗ್ ತೂತಿನಿಂದ ದೂರವಿರಬೇಕು, ಅಲ್ಲಿಂದ ಪೆಟ್ರೋಲ್ ಆವಿ ಚಿಮ್ಮುತ್ತಿರುತ್ತದೆ. ಪ್ಲಗ್ ಇಲ್ಲದೆ ಕ್ಯಾಪನ್ನು ಗಾಳಿಯಲ್ಲಿ ಬಿಟ್ಟು ಸೆಲ್ಫ್ ಹೊಡೆಯಬೇಡಿ, ಕಾಯಿಲ್ಲು, ಸಿಡಿಐ ಎರಡಕ್ಕೂ ಅದು ಕೇಡು.

ಮಳೆಯಲ್ಲಿ ಸ್ಪಾರ್ಕ್ ಹೋಗುವುದು ಹೆಚ್ಚಾಗಿ ಪ್ಲಗ್ ಕ್ಯಾಪಿನಲ್ಲಿ. ಕತ್ತಲಲ್ಲಿ ಸೆಲ್ಫ್ ಒತ್ತಿ ನೋಡಿದರೆ ಕ್ಯಾಪಿನ ಮೈಮೇಲೆ ನೀಲಿ ಕಿಡಿ ಹರಿದಾಡುವುದು ಕಾಣುತ್ತದೆ. ಅದನ್ನು ಸ್ಕ್ರೂ ಹಾಗೆ ತಿರುಗಿಸಿ ವೈರಿನಿಂದ ಬಿಚ್ಚಿ. ವೈರಿನ ತುದಿ ಹಸಿರಾಗಿದ್ದರೆ ಅರ್ಧ ಸೆಂಟಿಮೀಟರ್ ಕತ್ತರಿಸಿ, ಮತ್ತೆ ತಿರುಗಿಸಿ ಕೂರಿಸಿ. ಕ್ಯಾಪಿನೊಳಗಿನ ರೆಸಿಸ್ಟರು ಸಾಮಾನ್ಯವಾಗಿ 5,000 ಓಮ್ ತೋರಿಸಬೇಕು. ಇಗ್ನಿಷನ್ ಕಾಯಿಲಿನ ಪ್ರೈಮರಿ ಸಿಡಿಐ ಬೈಕಿನಲ್ಲಿ 1 ಓಮಿಗೂ ಕಡಿಮೆ, ಸೆಕೆಂಡರಿ ಕೆಲವು ಸಾವಿರ ಓಮ್. ಕಿಡಿ ಯಾವಾಗ ಹಾರಬೇಕೆಂದು ಸಿಡಿಐಗೆ ಸಿಗ್ನಲ್ ಕೊಡುವ ಮ್ಯಾಗ್ನೆಟ್ಟಿನ ಪಲ್ಸರ್ ಕಾಯಿಲು ಬಹುಪಾಲು 100ರಿಂದ 300 ಓಮ್ ನಡುವೆ. ಇವೆಲ್ಲ ಸರಿಯಿದ್ದು, ಸಿಡಿಐಗೆ ಬರುವ ಕರೆಂಟು, ಅರ್ಥ್, ಪಲ್ಸರ್ ಸಿಗ್ನಲ್ ಮೂರೂ ಇದ್ದು, ಕಿಲ್ ಸ್ವಿಚ್ ವೈರು ಎಲ್ಲೂ ಶಾರ್ಟ್ ಆಗಿಲ್ಲವೆಂದ ಮೇಲೆ ಮಾತ್ರ ಸಿಡಿಐ ಮೇಲೆ ಅನುಮಾನ ಪಡಿ. ಎಲ್ಲರೂ ಮೊದಲು ಬದಲಿಸುವುದು ಅದನ್ನೇ, ಬದಲಿಸಲು ಸುಲಭ ಎನ್ನುವುದೇ ಕಾರಣ.

ಸಿಡಿಐನಲ್ಲಿ ಎರಡು ಜಾತಿ. ಎಸಿ ಸಿಡಿಐಗೆ ಮ್ಯಾಗ್ನೆಟ್ಟಿನ ಕಾಯಿಲಿನಿಂದಲೇ ಕರೆಂಟು, ಬ್ಯಾಟರಿ ಸತ್ತಿದ್ದರೂ ಕಿಕ್ಕರ್ ಹೊಡೆದರೆ ಹತ್ತುತ್ತದೆ. ಡಿಸಿ ಸಿಡಿಐಗೆ ಬ್ಯಾಟರಿ ಬೇಕೇ ಬೇಕು. ಎಫ್‌ಐ ಬೈಕಿಗೆ ಇನ್ನೂ ಹೆಚ್ಚು ಬೇಕು. ಕೀ ಆನ್ ಮಾಡಿದಾಗ ಟ್ಯಾಂಕಿನೊಳಗೆ ಎರಡು ಮೂರು ಸೆಕೆಂಡು ‘ಝುಂಯ್’ ಎಂದು ಪಂಪಿನ ಸದ್ದು ಬರಬೇಕು, ಎಂಜಿನ್ ಲೈಟು ಹತ್ತಬೇಕು. ಲೈಟೇ ಹತ್ತದಿದ್ದರೆ ಇಸಿಯುಗೆ, ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರಿಗೆ, ಕರೆಂಟಿಲ್ಲ. ಬೈಕು ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಕಿತ್ತು ‘ಚಾರ್ಜಿಂಗ್ ಇದೆಯಾ’ ಎಂದು ನೋಡುವ ಹಳೇ ಚಾಳಿ ಇಂಥ ಬೈಕಿಗೆ ಮಾರಕ. ವೋಲ್ಟೇಜು ಒಮ್ಮೆಲೇ ಏರಿ ಇಸಿಯು ಸುಡಬಹುದು.

ಚಾರ್ಜಿಂಗ್ ನೋಡುವ ಸರಿಯಾದ ಕ್ರಮ: ಬ್ಯಾಟರಿ ಮೇಲೆ ಮೀಟರ್ ಇಟ್ಟು ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಎತ್ತಿ. 13.5ರಿಂದ 14.5 ವೋಲ್ಟ್ ಬರಬೇಕು. 12.5ರಲ್ಲೇ ನಿಂತರೆ ಚಾರ್ಜಿಂಗ್ ಇಲ್ಲ. 15 ದಾಟಿದರೆ ಆರ್‌ಆರ್ ಯೂನಿಟ್ (ಚಾರ್ಜಿಂಗ್ ವೋಲ್ಟೇಜನ್ನು ಹದದಲ್ಲಿಡುವ ರೆಗ್ಯುಲೇಟರ್-ರೆಕ್ಟಿಫೈಯರ್) ಹೋಗಿದೆ, ಹೊಸ ಬ್ಯಾಟರಿಯನ್ನೂ ಅದು ಕುದಿಸಿಬಿಡುತ್ತದೆ. ಆರ್‌ಆರ್ ಯೂನಿಟ್ಟಿನ ಕಪ್ಲರ್ ಕಿತ್ತು ನೋಡಿ, ಪ್ಲಾಸ್ಟಿಕ್ ಕಂದಾಗಿ ಕರಗಿದ್ದರೆ ಅಲ್ಲೇ ಜಾಯಿಂಟು ಬಿಸಿಯಾಗಿದೆ. ಮ್ಯಾಗ್ನೆಟ್ಟಿನೊಳಗಿನ ಚಾರ್ಜಿಂಗ್ ಕಾಯಿಲು ಮೂರು ಹಳದಿ ವೈರಿನ ಸ್ಟೇಟರಾದರೆ ಯಾವ ಎರಡರ ನಡುವೆ ಅಳೆದರೂ ಒಂದೇ ಅಂಕಿ ಬರಬೇಕು, ಸುಮಾರು 1 ಓಮ್ ಅಥವಾ ಕಡಿಮೆ. ಯಾವುದೂ ಎಂಜಿನ್ ಮೈಗೆ ತಾಗಿರಬಾರದು.

‘ಸೆಲ್ಫ್ ಹೊಡೆದೂ ಹೊಡೆದೂ ಬ್ಯಾಟರಿ ಇಳಿಯಿತು’ ಅನ್ನುವುದು ಅರ್ಧ ಸತ್ಯ. 40 ಆಂಪಿಯರಿನಂತೆ ಮೂರು ಸೆಕೆಂಡು ತಿರುಗಿಸಿದರೆ ಖರ್ಚಾಗುವುದು 0.033 ಆಂಪಿಯರ್ ಅವರ್, 3 ಆಂಪಿಯರ್ ಅವರ್ ಬ್ಯಾಟರಿಯ ನೂರರಲ್ಲಿ ಒಂದು ಪಾಲು. 1 ಆಂಪಿಯರ್ ಚಾರ್ಜ್ ಆಗುತ್ತಿದ್ದರೆ ಎರಡೇ ನಿಮಿಷದಲ್ಲಿ ವಾಪಸ್. ಹತ್ತದ ಬೈಕಿಗೆ ಅರ್ಧ ಅರ್ಧ ನಿಮಿಷ ಒತ್ತಿ ಹಿಡಿಯುವುದೇ ಕೇಡು. ಒಂದು ಸಲಕ್ಕೆ ಐದು ಸೆಕೆಂಡು ಸಾಕು, ನಡುವೆ ಹತ್ತು ಸೆಕೆಂಡು ಬಿಡುವು. ಇನ್ನೊಂದು, ಮಂಜಿಗೆಂದು ಹಾಕಿಸುವ ಹೆಚ್ಚುವರಿ ಲೈಟು. 2017ರ ಏಪ್ರಿಲ್ 1ರಿಂದ ಬಂದ ಬೈಕುಗಳಲ್ಲಿ ಎಂಜಿನ್ ಓಡುವಾಗ ಹೆಡ್‌ಲೈಟ್ ಸದಾ ಉರಿಯುತ್ತದೆ. ಅದರ ಮೇಲೆ 20 ವ್ಯಾಟಿನ ಎರಡು ಫಾಗ್ ಲ್ಯಾಂಪ್ ಹಾಕಿದರೆ ಇನ್ನೂ 3.3 ಆಂಪಿಯರ್. ಹಾಕಲೇಬೇಕೆಂದರೆ ಬೇರೆ ರಿಲೇ, ಬೇರೆ ಫ್ಯೂಸು, ಕೀ ಆಫ್ ಮಾಡಿದರೆ ಆರುವಂತೆ.

ಇಷ್ಟೆಲ್ಲ ಸರಿಯಿದ್ದೂ ವಾರ ನಿಂತ ಬೈಕು ಖಾಲಿಯಾಗುತ್ತಿದ್ದರೆ ಕದ್ದು ಕುಡಿಯುವವರನ್ನು ಹುಡುಕಬೇಕು. ಕೀ ಆಫ್ ಮಾಡಿ, ನೆಗೆಟಿವ್ ವೈರು ಬಿಚ್ಚಿ, ವೈರು ಮತ್ತು ಕಂಬದ ನಡುವೆ ಮೀಟರನ್ನು ಆಂಪಿಯರ್ ಅಳತೆಯಲ್ಲಿ ಸೇರಿಸಿ. ಮೊದಲು 10 ಆಂಪಿಯರಿನ ತೂತಿನಲ್ಲಿ, ಅಂಕಿ ಸಣ್ಣದೆಂದು ಖಾತ್ರಿಯಾದ ಮೇಲೆ ಮಿಲಿಆಂಪಿಯರಿನಲ್ಲಿ. ಒಂದೆರಡು ಮಿಲಿಆಂಪಿಯರ್ ಗಡಿಯಾರ, ಇಸಿಯುಗಳ ಪಾಲು. 20 ಬಂದರೆ 3 ಆಂಪಿಯರ್ ಅವರ್ ಬ್ಯಾಟರಿ 150 ತಾಸಿನಲ್ಲಿ, ಅಂದರೆ ಆರೇ ದಿನದಲ್ಲಿ ಬರಿದು. ಬ್ಯಾಟರಿಗೆ ನೇರ ಕೊಟ್ಟ ಮೊಬೈಲ್ ಚಾರ್ಜರು, ಜಿಪಿಎಸ್, ಅಲಾರಂ ಒಂದೊಂದೇ ಕಿತ್ತು ನೋಡಿ. ಮೀಟರ್ ಹೀಗೆ ಸೇರಿರುವಾಗ ಅಪ್ಪಿತಪ್ಪಿಯೂ ಸೆಲ್ಫ್ ಒತ್ತಬೇಡಿ. ಕೆಲಸ ಮುಗಿದ ಕೂಡಲೇ ಕೆಂಪು ಕಡ್ಡಿಯನ್ನು ಆಂಪಿಯರಿನ ತೂತಿನಿಂದ ಕಿತ್ತು ವೋಲ್ಟಿನ ತೂತಿಗೆ ಚುಚ್ಚಿಡಿ, ಅಲ್ಲೇ ಮರೆತು ನಾಳೆ ವೋಲ್ಟೇಜು ನೋಡಲು ಬ್ಯಾಟರಿಗೆ ಮುಟ್ಟಿಸಿದರೆ ಮೀಟರಿನ ಮೂಲಕವೇ ಬ್ಯಾಟರಿ ಶಾರ್ಟ್ ಆಗುತ್ತದೆ.